ಚೀಟಿ ಬರೆದುಕೊಟ್ಟರೆ ಸಾಲದು

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಾನು ನರ್ಸ್. ನನ್ನ ಪಾಲಿನ ಊರುಗಳ ಜೊತೆ ಜೇನುಕುರುಬರ ನಾಲ್ಕು ಹಾಡಿಗಳೂ ಇವೆ. ಇಲ್ಲಿನ ಹಿರಿಯರು ಹುಟ್ಟಿದ್ದು ನಾಗರಹೊಳೆ ಕಾಡಿನೊಳಗೆ. ಕಾಡು ಬಿಡಬೇಕಾಗಿ ಬಂದ ಮೇಲೆ ಕೊಡಗಿನ ಕಾಫಿ ತೋಟಗಳ ಕೂಲಿಯೇ ಬದುಕು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಚಿಕ್ಕ ವಯಸ್ಸಿನಲ್ಲೇ ಬಾಯಿಗೆ ಬರುತ್ತದೆ. ಮಧ್ಯಾಹ್ನದವರೆಗೆ ಹಸಿವು ತಡೆಯಲು ಅದೇ ಆಸರೆ.

30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಬೇಕು ಅನ್ನುವುದು ಸರ್ಕಾರದ ಕಾರ್ಯಕ್ರಮ. ಬಾಯಿ ನೋಡಲು ದೊಡ್ಡ ಮೆಷಿನ್ ಏನೂ ಬೇಡ. ಒಂದು ಟಾರ್ಚ್, ಎರಡು ಮರದ ಕಡ್ಡಿ, ಒಂದಿಷ್ಟು ಗಾಜ್ ಬಟ್ಟೆ ಸಾಕು. ಕೆನ್ನೆಯ ಒಳಗೆ, ತುಟಿಯ ಹಿಂದೆ, ನಾಲಿಗೆಯ ಅಡಿ ನೋಡುತ್ತೇನೆ. ನಾಲಿಗೆಯನ್ನು ಗಾಜ್‌ನಲ್ಲಿ ಹಿಡಿದು ಎರಡೂ ಅಂಚು ನೋಡುತ್ತೇನೆ. ಆಮೇಲೆ ಅವರದೇ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಡಲು ಹೇಳುತ್ತೇನೆ. ಹಿಡಿಸದಿದ್ದರೆ ಕೆನ್ನೆ ಬಿಗಿಯುತ್ತಿದೆ ಅಂತ ಅರ್ಥ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ದೊಡ್ಡಾಸ್ಪತ್ರೆಗೆ ಚೀಟಿ.

ಈ ಸಣ್ಣ ಕೆಲಸಕ್ಕೆ ಎಷ್ಟು ಬೆಲೆ ಇದೆ ಗೊತ್ತಾ? ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಹೀಗೇ ಮನೆಮನೆಗೆ ಹೋಗಿ ಬಾಯಿ ನೋಡಿದ್ದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಯಿತು ಅಂತ 2005ರಲ್ಲಿ ಪ್ರಕಟವಾಯಿತು.

ನಾನು ತಪ್ಪಿದ್ದು ನೋಡುವುದರಲ್ಲಲ್ಲ. ಮೊದಲ ವರ್ಷ ಒಬ್ಬ ಅವ್ವನ ಕೆನ್ನೆಯಲ್ಲಿ ಮಚ್ಚೆ ಕಂಡಿತು. ಚೀಟಿ ಬರೆದುಕೊಟ್ಟು, "ಮೈಸೂರಿಗೆ ಹೋಗಿ ತೋರಿಸಿ ಅವ್ವ" ಅಂದೆ. ತಲೆಯಾಡಿಸಿದರು. ನನ್ನ ರಿಜಿಸ್ಟರಿನಲ್ಲಿ 'ಕಳುಹಿಸಲಾಗಿದೆ' ಅಂತ ಬರೆದೆ. ನಾಲ್ಕು ತಿಂಗಳ ನಂತರ ಹೋದಾಗ ಚೀಟಿ ಸೂರಿನ ಸಂದಿಯಲ್ಲಿ ಹಾಗೇ ಇತ್ತು. ಮಚ್ಚೆ ಇದ್ದ ಕಡೆ ಗಡ್ಡೆ ಎದ್ದಿತ್ತು. ಯಾಕೆ ಹೋಗಲಿಲ್ಲ ಅಂದೆ. "ಕೂಲಿ ಬುಟ್ಟು ಹೆಂಗೆ ಹೋಗದು ಸಿಸ್ಟರಮ್ಮ? ಅಲ್ಲಿ ಯಾರ್ನ ಕೇಳದು?" ಅಂದರು. ಆ ಎರಡು ಪ್ರಶ್ನೆಗೆ ನನ್ನ ಚೀಟಿಯಲ್ಲಿ ಉತ್ತರ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಒಂದು ತರಬೇತಿಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯ ವಿಷಯ ಕೇಳಿದೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಬಡ ಕಪ್ಪು ಜನರೇ ಜಾಸ್ತಿ. ಸ್ತನ ಕ್ಯಾನ್ಸರ್ ಆದ ಹೆಂಗಸರಲ್ಲಿ ಐದು ವರ್ಷ ಬದುಕುತ್ತಿದ್ದವರು ಶೇ. 39 ಮಾತ್ರ. 1990ರಲ್ಲಿ ಸರ್ಜನ್ ಹೆರಾಲ್ಡ್ ಫ್ರೀಮನ್ ರೋಗಿಯ ಜೊತೆ ಓಡಾಡಿ ದಾರಿ ತೋರಿಸಲೆಂದೇ ಜನರನ್ನು ನೇಮಿಸಿದರು. ಕಡಿಮೆ ಖರ್ಚಿನ ತಪಾಸಣೆಯೂ ಇತ್ತು. ಮುಂದೆ ಆ ಲೆಕ್ಕ ಶೇ. 70ಕ್ಕೆ ಏರಿತು. ಕೇಳುತ್ತಾ ನನಗೆ ನಮ್ಮ ಅವ್ವನ ಮುಖವೇ ಕಣ್ಣ ಮುಂದೆ ಬಂತು. "ಅಲ್ಲಿ ಯಾರ್ನ ಕೇಳದು" ಅನ್ನುವುದು ಅಲ್ಲಿಯವರ ಪ್ರಶ್ನೆಯೂ ಆಗಿತ್ತು ಅಲ್ವಾ?

ಈಗ ಚೀಟಿ ಬರೆಯುವ ಮೊದಲು ನಾಲ್ಕು ಮಾತು ಕೇಳುತ್ತೇನೆ. ಯಾವ ದಿನ ಕೂಲಿ ಇಲ್ಲ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಜೊತೆಗೆ ಯಾರು ಬರುತ್ತಾರೆ? ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ಇದೆಯಾ? ಈ ಕೊನೆಯದು ತುಂಬಾ ಮುಖ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದರೆ ಕೌಂಟರಿನಿಂದ ವಾಪಸ್ಸು. ಅದಕ್ಕೆ ಮೊದಲು ಹೆಸರು ಸರಿ ಮಾಡಿಸುತ್ತೇವೆ. ಬಸ್ ಚಾರ್ಜು, ಹೋದ ದಿನದ ಕೂಲಿ ಆ 5 ಲಕ್ಷದೊಳಗೆ ಬರುವುದಿಲ್ಲ. ಬಸ್ಸಿಗೆ ಪಂಚಾಯಿತಿ ಸದಸ್ಯರೊಬ್ಬರು ನೆರವಾಗುತ್ತಾರೆ. ಕೂಲಿಗೆ ಇನ್ನೂ ದಾರಿ ಸಿಕ್ಕಿಲ್ಲ.

ಮೊದಲ ಸಲ ನಾನೋ ಆಶಾ ಕಾರ್ಯಕರ್ತೆಯೋ ಜೊತೆಗೆ ಹೋಗಿಯೇ ಹೋಗುತ್ತೇವೆ. ಬಯಾಪ್ಸಿ ಅಂದರೆ ಚೂರು ಮಾಂಸ ತೆಗೆದು ನೋಡುವುದು, ಕತ್ತರಿಸಿ ಹಾಕುವುದಲ್ಲ ಅಂತ ಬಸ್ಸಿನಲ್ಲೇ ಹೇಳುತ್ತೇನೆ. ಸುಮ್ನೆ ಪಕ್ಕದಲ್ಲಿ ಕೂತಿದ್ದರೂ ಅವರ ಕೈ ನಡುಗುವುದು ಕಡಿಮೆಯಾಗುತ್ತದೆ.

ಗರ್ಭಕಂಠದ ತಪಾಸಣೆ ಇನ್ನೂ ಕಷ್ಟ. ಶೇ. 5ರ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯಬೇಕು. ಬೆಳ್ಳಗಾದರೆ ಮುಂದಿನ ಪರೀಕ್ಷೆ. ಆದರೆ ಅಂಗನವಾಡಿಯ ಕಿಟಕಿಗೆ ಪರದೆಯೇ ಇರಲಿಲ್ಲ. ಯಾರು ತಾನೇ ಒಳಗೆ ಬರುತ್ತಾರೆ? ಈಗ ಎರಡು ಹಳೇ ಸೀರೆ ನನ್ನ ಬ್ಯಾಗಿನಲ್ಲಿ ಇರುತ್ತವೆ. ತೋಟಕ್ಕೆ ರಜೆ ಇರುವ ದಿನವೇ ಹೋಗುತ್ತೇನೆ.

ಗಡ್ಡೆ ಎದ್ದಿದ್ದ ಆ ಅವ್ವನಿಗೆ ಆಪರೇಷನ್ ಆಯಿತು, ರೇಡಿಯೇಷನ್ ಕೂಡ. ಗಟ್ಟಿ ಊಟ ಇವತ್ತಿಗೂ ಆಗುವುದಿಲ್ಲ, ರಾಗಿ ಅಂಬಲಿಯೇ ಆಹಾರ. ನಾನು ಹಾಡಿಗೆ ಹೋದಾಗ ಅವರೇ ಮನೆಮನೆಗೆ ಹೋಗಿ ಕರೆಯುತ್ತಾರೆ. ಮಾತು ಸ್ಪಷ್ಟ ಬರುವುದಿಲ್ಲ. ಕೆನ್ನೆಯ ಹೊಲಿಗೆ ಗುರುತು ಮುಟ್ಟಿ ತೋರಿಸಿ, ನನ್ನ ಕಡೆ ಕೈ ಮಾಡುತ್ತಾರೆ. ಹೋದ ತಿಂಗಳು ಹಾಗೆ ಬಂದವರಲ್ಲಿ ಅವರ ಮಗಳೂ ಇದ್ದಳು. ಮೂರು ಬೆರಳು ಹಿಡಿಸಲಿಲ್ಲ. ಇಬ್ಬರೂ ಸೋಮವಾರದ ಬಸ್ಸಿಗೆ ಹೋದೆವು.