ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರು ಗುಂಪಾಗಿ ವ್ಯಾಯಾಮ ಮಾಡುವುದು ಹೇಗೆ?

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್ ಶುರುವಾಗಿ ಕೆಲವು ತಿಂಗಳಿಗೆ ನಮ್ಮ ಅಪ್ಪ ಕುರ್ಚಿಯಿಂದ ಏಳಲು ಎರಡೂ ಕೈ ಊರುವಂತಾಯಿತು. ಮನೆಯವರೆಲ್ಲ "ಸುಮ್ನೆ ರೆಸ್ಟ್ ತಗೊಳ್ಳಿ" ಅಂದೆವು. ಅದು ತಪ್ಪು ಸಲಹೆ. ಈ ಇಂಜೆಕ್ಷನ್ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ತಗ್ಗಿಸಿ ಕ್ಯಾನ್ಸರ್ ಬೆಳೆಯದಂತೆ ತಡೆಯುತ್ತದೆ. ಜೊತೆಗೇ ಮಾಂಸಖಂಡ ಕರಗುತ್ತದೆ, ಮೂಳೆ ಸವೆಯುತ್ತದೆ, ಹೊಟ್ಟೆ ಬರುತ್ತದೆ, ಸುಸ್ತು ಬಿಡುವುದಿಲ್ಲ. ಇದನ್ನು ತಡೆಯಲು ವ್ಯಾಯಾಮ ಬೇಕು. ಒಬ್ಬರೇ ಹೊರಟರೆ ನಾಲ್ಕು ದಿನಕ್ಕೆ ನಿಂತುಹೋಗುತ್ತೆ, ಅಲ್ವಾ? ಅದಕ್ಕೇ ಗುಂಪು.

ಮೊದಲು ಡಾಕ್ಟರನ್ನು ಕೇಳಿ. ಕ್ಯಾನ್ಸರ್ ಮೂಳೆಗೆ ಹರಡಿದೆಯಾ, ಹರಡಿದ್ದರೆ ಎಲ್ಲಿ ಎಂದು ತಿಳಿದುಕೊಳ್ಳಿ. ಹರಡಿದವರು ಭಾರ ಎತ್ತುವುದು, ಸೊಂಟ ತಿರುಚುವುದು, ಜಿಗಿಯುವುದು ಬೇಡ. ಅವರಿಗೆ ಯಾವುದು ಸರಿ ಎಂದು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಆಸೆ ಸದ್ಯಕ್ಕೆ ಯಾರಿಗೂ ಬೇಡ.

ಜನ ಸೇರಿಸಲು ನಿಮ್ಮ ಫೋನ್ ನಂಬರನ್ನು ನಿಮ್ಮ ಡಾಕ್ಟರ ಬಳಿ ಬಿಟ್ಟು ಬನ್ನಿ. ಮೂರು ನಾಲ್ಕು ಜನ ಆದರೆ ಸಾಕು.

ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿ, ಚೆಲುವಾಂಬ ಪಾರ್ಕ್, ಮಂಡ್ಯದಲ್ಲಾದರೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ: ಜಾಗಕ್ಕೇನೂ ಕಡಿಮೆ ಇಲ್ಲ. ಆದರೆ ಜಾಗ ನೋಡುವಾಗ ಮೊದಲು ಶೌಚಾಲಯ ನೋಡಿ, ನೆರಳು ಆಮೇಲೆ. ನೀವು ಸೇರುವ ಹೊತ್ತಿಗೆ ಅದರ ಬೀಗ ತೆಗೆದಿರುತ್ತಾ ಎಂದೂ ಕೇಳಿ. ಆಪರೇಷನ್ ಆದವರಿಗೆ ಮೂತ್ರ ಸೋರುವ ಭಯ ಇರುತ್ತದೆ. ಎಷ್ಟೋ ಜನ ಮನೆ ಬಿಟ್ಟು ಹೊರಗೆ ಬರದೇ ಇರುವುದು ಸುಸ್ತಿನಿಂದಲ್ಲ, ಈ ಭಯದಿಂದ. ಗುಂಪಿನ ಚೀಲದಲ್ಲಿ ಒಂದೆರಡು ಪ್ಯಾಡ್ ಸದಾ ಇರಲಿ.

ವಾರಕ್ಕೆ ಮೂರು ದಿನ, ಅರ್ಧ ಗಂಟೆ ನಡಿಗೆ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಆದರೆ ದೇವರನಾಮ ಹಾಡಲು ಉಸಿರು ಸಾಲಬಾರದು. ಅಷ್ಟು ವೇಗ ಸರಿ. ಅದರಲ್ಲಿ ಎರಡು ದಿನ ಬಲ ಹೆಚ್ಚಿಸುವ ವ್ಯಾಯಾಮ ಸೇರಿಸಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಗೆ ಕಟ್ಟಿಕೊಂಡು ಎದ್ದು ನಿಲ್ಲಿ, ನಿಧಾನವಾಗಿ ಕುಳಿತುಕೊಳ್ಳಿ. ಎಂಟರಿಂದ ಶುರುಮಾಡಿ, ಕ್ರಮೇಣ ಹದಿನೈದಕ್ಕೆ ಹೋಗಿ. ಒಂದು ಲೀಟರ್ ನೀರಿನ ಬಾಟಲಿಯೇ ಒಂದು ಕೆಜಿ ತೂಕ, ಡಂಬೆಲ್ ಕೊಳ್ಳಬೇಕಿಲ್ಲ.

ಮೂತ್ರ ಸೋರುವವರು ಕೆಳಹೊಟ್ಟೆಯ ತಳದ ಸ್ನಾಯುವಿಗೂ ಕೆಲಸ ಕೊಡಬೇಕು. ಮೂತ್ರ ತಡೆಯುವಾಗ ಬಿಗಿಯುತ್ತೀರಲ್ಲ, ಹಾಗೆ ಬಿಗಿಹಿಡಿದು ಐದು ಎಣಿಸಿ ಬಿಡಿ. ಉಸಿರು ಕಟ್ಟಬೇಡಿ. ಕೆಮ್ಮುವ ಮುಂಚೆ, ಕುರ್ಚಿಯಿಂದ ಏಳುವ ಮುಂಚೆ ಒಮ್ಮೆ ಬಿಗಿದರೆ ಸೋರುವುದು ತಗ್ಗುತ್ತದೆ. ಕ್ಯಾಥೆಟರ್ (ಮೂತ್ರ ಹೋಗಲು ಹಾಕಿದ ಕೊಳವೆ) ಇರುವಾಗ ಮಾತ್ರ ಇದನ್ನು ಮಾಡಬೇಡಿ.

ಬೆನ್ನಿನಲ್ಲಿ ಹೊಸ ನೋವು, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು, ಮಲಮೂತ್ರದ ಹಿಡಿತ ಥಟ್ಟನೆ ತಪ್ಪುವುದು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ವ್ಯಾಯಾಮ ಮುಗಿದ ಕೂಡಲೇ ಚದುರಬೇಡಿ, ಕಾಫಿ ಕುಡಿದು ಹೋಗಿ. ನಮ್ಮ ಗಂಡಸರು ಎದುರುಬದುರು ಕೂರಿಸಿದರೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಡೆಯುವಾಗ, ಲೋಟ ಹಿಡಿದಾಗ ತಾನಾಗಿ ಬರುತ್ತದೆ: "ರಾತ್ರಿ ಮೈಯೆಲ್ಲ ಕಾದು ಬೆವರುತ್ತೆ, ನಿಮಗೂ ಹಾಗಾಗುತ್ತಾ?" ಹೆಂಡತಿಗೂ ಹೇಳದ ಮಾತು ಅಲ್ಲಿ ಬರುತ್ತದೆ. ಕೇಳಿಸಿಕೊಳ್ಳಿ, ಮದ್ದು ಹೇಳಲು ಹೋಗಬೇಡಿ.

ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಹತೋಟಿಯಲ್ಲಿದೆಯಾ ಎಂದು ನೋಡುವ ರಕ್ತಪರೀಕ್ಷೆ) ರಿಪೋರ್ಟ್ ಬರುವ ವಾರ ಯಾರಾದರೂ ಎರಡು ಸಲ ತಪ್ಪಿಸಿಕೊಂಡರೆ ಸಂಜೆ ಫೋನ್ ಮಾಡಿ. "ಯಾಕೆ ಬರ್ಲಿಲ್ಲ" ಅಂತಲ್ಲ. "ನಾಳೆ ಗಾಡೀಲಿ ಬಂದು ಕರ್ಕೊಂಡು ಹೋಗ್ಲಾ, ಯಜಮಾನ್ರೇ?" ಅಂತ.