ಮಡಿಕೇರಿ ಬಸ್ ಹತ್ತುವ ಮೊದಲು ಪಂಚಾಯಿತಿಗೆ ಹೋಗಿ

ಕೊಡಗಿನಲ್ಲಿ ಮನೆಯಿಂದ ಮನೆಗೆ ದೂರ ಜಾಸ್ತಿ. ನಡುವೆ ಒಂದು ತೋಟ, ಒಂದು ಗದ್ದೆ, ಕೆಲವು ಕಡೆ ಹೊಳೆ. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಮಂಡೆ ಸರಿ ಇಲ್ಲ ಅಂದರೆ ಮುಚ್ಚಿಡುವುದು ಬಹಳ ಸುಲಭ. ನಾವೂ ಚಿಕ್ಕಪ್ಪನ ಸ್ಕಿಜೋಫ್ರೇನಿಯಾವನ್ನು ಆರು ವರ್ಷ ಮುಚ್ಚಿಟ್ಟಿದ್ದೆವು. ನೆಂಟರು ಬಂದರೆ ಅವರು ಹಿಂದಿನ ಕೋಣೆಗೆ. ಹುತ್ತರಿಗೆ ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಹೋದರೆ ಒಬ್ಬರು ಮನೆಯಲ್ಲಿ ಕಾವಲು.

ಡಾಕ್ಟರು, ಮಾತ್ರೆ ಹೇಗೋ ಸಿಕ್ಕಿತು. ಜೊತೆಗೆ ನಿಲ್ಲುವ ಜನ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ತಡವಾಗಿ. ನಾವು ಮಾಡಿದ ತಪ್ಪು ಒಂದೇ: ದೊಡ್ಡ ಆಸ್ಪತ್ರೆ, ದೊಡ್ಡ ಸಂಸ್ಥೆ ಎಲ್ಲಿದೆ ಎಂದು ಹುಡುಕುತ್ತಾ ಊರಿನವರನ್ನು ಬಿಟ್ಟೆವು. ನೀವು ಈಗ ಶುರು ಮಾಡುವುದಾದರೆ ಊರಿನಿಂದಲೇ ಶುರು ಮಾಡಿ.

ಮೊದಲು ವಿಆರ್‌ಡಬ್ಲ್ಯೂ ಯಾರು ಎಂದು ಕೇಳಿ

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಕಚೇರಿಯಲ್ಲಿ ವಿಆರ್‌ಡಬ್ಲ್ಯೂ ಎಂದರೆ ಬೇಗ ಗೊತ್ತಾಗುತ್ತದೆ. ಹೆಚ್ಚಿನವರು ತಾವೂ ಅಂಗವಿಕಲರೇ. ಹಾಗಾಗಿ ಯಾವ ಕಚೇರಿಯ ಮೆಟ್ಟಿಲು ಎಷ್ಟು ಎತ್ತರ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಕಾರ್ಡು, ಪಿಂಚಣಿ, ಬಸ್ ಪಾಸ್ ಎಲ್ಲಕ್ಕೂ ದಾರಿ ತೋರಿಸುವುದು ಅವರ ಕೆಲಸ. ಅವರ ಮೇಲೆ ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಪೇಟೆಯವರು ನಗರಸಭೆಯಲ್ಲೋ ಪಟ್ಟಣ ಪಂಚಾಯಿತಿಯಲ್ಲೋ ವಿಚಾರಿಸಿ.

"ಇದು ಅಂಗವಿಕಲತೆ ಅಲ್ಲವಲ್ಲ, ಕಾಯಿಲೆ ಅಲ್ವಾ?" ಎಂದು ನಮಗೆ ಒಬ್ಬರು ಹೇಳಿದ್ದರು. ನಾವು ನಂಬಿ ವಾಪಸ್ ಬಂದೆವು. ನೀವು ಬರಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮಾನಸಿಕ ಕಾಯಿಲೆಯೂ ಅದರಲ್ಲಿ ಒಂದು.

ಇನ್ನೊಬ್ಬರು ಆಶಾ ಕಾರ್ಯಕರ್ತೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಇರುವವರಿಗೆ ಮೊದಲ ಬಾಗಿಲು ಪಂಚಾಯಿತಿಗಿಂತ ಇವರೇ. ವಿಷಯ ಊರೆಲ್ಲ ಹರಡಬಾರದು ಅನ್ನಿಸಿದರೆ ಅದನ್ನು ಮೊದಲೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಡಾಕ್ಟರು ಮತ್ತು ಒಂದು ನೋಟ್‌ಬುಕ್

ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಲ್ಲಿ ನಡೆಯುತ್ತದೆ ಎಂದು ಅಲ್ಲಿ ಕೇಳಿದರೆ ಸರಿಯಾದ ಕೋಣೆ ತೋರಿಸುತ್ತಾರೆ. ಅಷ್ಟು ದೂರ ಕರೆದುಕೊಂಡು ಹೋಗುವುದು ಕಷ್ಟವಾದರೆ ಮನೋಚೈತನ್ಯ ಎಂಬ ಯೋಜನೆ ಇದೆ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಅದು. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಬಸ್ಸಿನಲ್ಲಿ ಎರಡು ಗಂಟೆ ಕೂರಿಸಿಕೊಂಡು ಹೋಗಿ ಡಾಕ್ಟರಿಲ್ಲ ಎಂದು ವಾಪಸ್ ಬಂದರೆ ಮುಂದಿನ ಸಲ ಅವರು ಬಸ್ ಹತ್ತುವುದಿಲ್ಲ.

ನಮ್ಮದು ಇನ್ನೂರು ಪುಟದ ಒಂದು ನೋಟ್‌ಬುಕ್. ಎಡಪುಟದಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಶುರು ಮಾಡಿದ ದಿನ. ಬಲಪುಟದಲ್ಲಿ ನಿದ್ದೆ, ಊಟ, ಆ ವಾರ ಏನಾಯಿತು. ಖಾಲಿಯಾದ ಮಾತ್ರೆಯ ಪಟ್ಟಿಯಿಂದ ಹೆಸರಿರುವ ತುಂಡನ್ನು ಕತ್ತರಿಸಿ ಅಂಟಿಸಿಟ್ಟಿದ್ದೇವೆ. ಡಾಕ್ಟರು ಬದಲಾದಾಗಲೆಲ್ಲ ಈ ಪುಸ್ತಕವೇ ಮಾತಾಡಿದೆ.

ಮಳೆಗಾಲಕ್ಕೆ ಸೌದೆ, ಅಕ್ಕಿ ಕೂಡಿಡುತ್ತೇವಲ್ಲ, ಮಾತ್ರೆಯನ್ನೂ ಹಾಗೆಯೇ ಇಡಬೇಕು. ಜೂನ್‌ಗೆ ಮೊದಲೇ ಡಾಕ್ಟರ ಹತ್ತಿರ "ರಸ್ತೆ ಬಂದ್ ಆಗಬಹುದು" ಎಂದು ಹೇಳಿ ಸ್ವಲ್ಪ ಜಾಸ್ತಿ ಬರೆಸಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆರಾಮಾಗಿದ್ದಾರೆ ಎಂದು ಮಾತ್ರೆಯನ್ನು ನಾವೇ ನಿಲ್ಲಿಸುವ ಸಾಹಸವಂತೂ ಬೇಡ.

ದೇವಸ್ಥಾನಕ್ಕೆ ಹರಕೆ ಹೊತ್ತಿದ್ದರೆ ತೀರಿಸಿ, ಯಾರೂ ಬೇಡ ಅನ್ನುವುದಿಲ್ಲ. ಮಾತ್ರೆಯ ಡಬ್ಬಿಯೂ ಜೊತೆಗಿರಲಿ, ಅಷ್ಟೆ.

ಕಾರ್ಡು

2021ರ ಜೂನ್‌ನಿಂದ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬೇಕು. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಎಂಬ ಪೋರ್ಟಲ್ ಇದೆ. ಆಧಾರ್, ಫೋಟೋ, ಚಿಕಿತ್ಸೆಯ ಚೀಟಿಗಳು ಇಟ್ಟುಕೊಳ್ಳಿ. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಶೇಕಡಾವಾರು ಬರೆಯುತ್ತಾರೆ. ಕಾರ್ಡಿನ ಪಟ್ಟಿ ಬಿಳಿಯಾದರೆ ಶೇ 40ಕ್ಕಿಂತ ಕಡಿಮೆ, ಹಳದಿಯಾದರೆ 40ರಿಂದ 80ರ ಒಳಗೆ, ನೀಲಿಯಾದರೆ 80 ಮತ್ತು ಮೇಲೆ. ಹೆಚ್ಚಿನ ಸೌಲಭ್ಯಕ್ಕೆ ಕನಿಷ್ಠ 40 ಬೇಕು. ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ.

ಪರೀಕ್ಷೆಯ ದಿನ ಒಂದು ಎಚ್ಚರ. ಚಿಕ್ಕಪ್ಪ ಅವತ್ತು ಶೇವ್ ಮಾಡಿ, ಇಸ್ತ್ರಿ ಅಂಗಿ ಹಾಕಿ, ಕೇಳಿದ್ದಕ್ಕೆಲ್ಲ "ಆರಾಮು ಸಾರ್" ಅಂದರು. ನಾವೂ ಮರ್ಯಾದೆಗೆ ಅಂಜಿ ಸುಮ್ನೆ ನಿಂತೆವು. ಬಂದ ಶೇಕಡಾ ನೋಡಿ ಆಮೇಲೆ ಪೇಚಾಡಿದೆವು. ಸ್ನಾನ ಮಾಡಿಸಲು ಯಾರು ಬೇಕು, ದುಡ್ಡು ಲೆಕ್ಕ ಹಾಕುತ್ತಾರಾ, ಎಷ್ಟು ದಿನ ಕೆಲಸ ಮಾಡಿದರು, ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಬೇಕು. ನೋಟ್‌ಬುಕ್ಕಿನ ಬಲಪುಟ ಅದಕ್ಕೇ.

ಹುಟ್ಟಿನಿಂದ ಬರುವ ಬುದ್ಧಿಮಾಂದ್ಯತೆ ಬೇರೆ, ಮಾನಸಿಕ ಕಾಯಿಲೆ ಬೇರೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವವರಿಗೆ ನಿರಾಮಯ ಎಂಬ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಇಂಥ ಮಕ್ಕಳಿಗೆ ಸುಂಟಿಕೊಪ್ಪದಲ್ಲಿ ಸ್ವಸ್ಥ ಎಂಬ ವಿಶೇಷ ಶಿಕ್ಷಣ ಕೇಂದ್ರವಿದೆ. ಮಗು ಚಿಕ್ಕದಿರುವಾಗಲೇ ಹೋಗಿ ನೋಡಿ ಬನ್ನಿ.

ಇನ್ನೆರಡು ಮನೆ ಹುಡುಕಿ

ನನ್ನ ಪ್ರಕಾರ ಮುಖ್ಯವಾದದ್ದು ಇದು. ವಿಆರ್‌ಡಬ್ಲ್ಯೂ ಹತ್ತಿರ "ನಮ್ಮ ಹಾಗೆ ಬೇರೆ ಮನೆ ಇದೆಯಾ? ನಮ್ಮ ನಂಬರ್ ಕೊಡಿ" ಅಂದೆವು. ಅವರ ನಂಬರ್ ಕೇಳಲಿಲ್ಲ, ನಮ್ಮದು ಕೊಟ್ಟೆವು. ಹದಿನೈದು ದಿನದ ಮೇಲೆ ಒಬ್ಬ ತಾಯಿ ಫೋನ್ ಮಾಡಿದರು. ಶುಕ್ರವಾರ ಮಡಿಕೇರಿ ಸಂತೆಗೆ ಇಬ್ಬರೂ ಬರುವವರೇ. ಬಸ್ ನಿಲ್ದಾಣದ ಹತ್ತಿರ ಕಾಫಿ ಕುಡಿಯುತ್ತಾ ಮುಕ್ಕಾಲು ಗಂಟೆ ಮಾತಾಡಿದೆವು. ಮಗ ರಾತ್ರಿ ಎದ್ದು ತೋಟಕ್ಕೆ ಹೋದರೆ ಅವರು ಏನು ಮಾಡುತ್ತಾರೆ ಎಂದು ಅವರೇ ಹೇಳಿಕೊಟ್ಟರು. ಬಾಗಿಲಿಗೆ ಬೀಗವಲ್ಲ, ಸದ್ದು ಮಾಡುವ ಗಂಟೆಯೊಂದನ್ನು ಕಟ್ಟುತ್ತಾರೆ. ಈಗ ನಾವು ನಾಲ್ಕು ಮನೆಯವರು. ಹೆಸರಿಲ್ಲ, ಬೋರ್ಡಿಲ್ಲ. ಒಬ್ಬರು ಆಸ್ಪತ್ರೆಗೆ ಹೋದರೆ ಇನ್ನೊಬ್ಬರ ಮನೆಯಲ್ಲಿ ದನ ಕಟ್ಟುತ್ತಾರೆ.

ಕೆಲಸವೂ ಊರಲ್ಲೇ ಹುಟ್ಟಬೇಕು. ಚಿಕ್ಕಪ್ಪ ಕಾಫಿ ಕುಯ್ಲಿಗೆ ಆಗುವುದಿಲ್ಲ, ಜನ ಜಾಸ್ತಿ, ಗಲಾಟೆ. ಆದರೆ ಕಣದಲ್ಲಿ ಒಣಗುವ ಕಾಫಿಯನ್ನು ಗಂಟೆಗೊಮ್ಮೆ ಕೈಯಾಡಿಸುವುದು ಅವರಿಗೆ ಹೇಳಿ ಮಾಡಿಸಿದ ಕೆಲಸ. ಪಕ್ಕದ ಮನೆಯವರು ಕರೆದರು. ಸಂಬಳ ಕೊಡಬೇಕು ಎಂಬ ಮಾತನ್ನು ಮಾತ್ರ ನಾವೇ ಎತ್ತಬೇಕಾಯಿತು.

ಕೈಗೆ ಸಿಗುವ ಕಡೆ ಅಂಟಿಸಿಡಿ

ನಮ್ಮದು ಕ್ಯಾಲೆಂಡರ್ ಪಕ್ಕದ ಒಂದು ಹಾಳೆ. 14416, ಅದು ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು, ರಾತ್ರಿಯೂ ಇರುತ್ತದೆ. ಸಾಯುವ ಮಾತು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಒಬ್ಬರು ಹತ್ತಿರವೇ ಇರಿ, ತೋಟದ ಔಷಧಿ ಡಬ್ಬಗಳನ್ನು ಬೀಗ ಹಾಕಿಡಿ, ತುರ್ತಾದರೆ 108. ಆಸ್ತಿ ಪಾಲಿನಲ್ಲಿ ಅವರನ್ನು ಬಿಡುತ್ತಿದ್ದಾರೆ ಅನ್ನಿಸಿದರೆ ಉಚಿತ ಕಾನೂನು ಸಹಾಯಕ್ಕೆ 15100. ಸಿಗ್ನಲ್ ಸಿಗುವ ಜಾಗ ಯಾವುದೆಂದೂ ಹಾಳೆಯಲ್ಲಿ ಬರೆದಿದೆ: ನೀರಿನ ಟ್ಯಾಂಕಿನ ಹತ್ತಿರ.

ಕೆಳಗೆ ಇನ್ನೊಂದು ಕಾಗದ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ತನ್ನ ಚಿಕಿತ್ಸೆಯ ವಿಷಯದಲ್ಲಿ ಜೊತೆಗಿರಬೇಕಾದವರು ಯಾರು ಎಂದು ಕಾಯಿಲೆ ಇರುವವರೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಬಹುದು, ಹೆಬ್ಬೆಟ್ಟೂ ಸಾಕು. ಆರಾಮಿರುವ ದಿನ ನೋಡಿ ಕೇಳಿದೆವು. ಚಿಕ್ಕಪ್ಪ ನನ್ನ ಹೆಸರು ಬರೆಯಲಿಲ್ಲ, ನನ್ನ ಹೆಂಡತಿಯ ಹೆಸರು ಬರೆದರು. ಅವಳು ಬೀಡಿ ವಿಷಯಕ್ಕೆ ಬೈಯುವುದಿಲ್ಲವಂತೆ.