ಚಳಿ ತಡೆಯುವ ಜೆರೇನಿಯಂ: ಎಲೆಗಿಂತ ಬುಡಕ್ಕೆ ಹೆಚ್ಚು ಆರೈಕೆ

ಬೆಂಗಳೂರಿನ ಬಾಲ್ಕನಿಗಳಲ್ಲಿ ಕೆಂಪು ಗೊಂಚಲು ಬಿಡುವ ಕುಂಡದ ಗಿಡವನ್ನು ನಾವೆಲ್ಲ ಜೆರೇನಿಯಂ ಎಂದೇ ಕರೆಯುತ್ತೇವೆ. ಆದರೆ ಅದು ದಕ್ಷಿಣ ಆಫ್ರಿಕಾ ಮೂಲದ ಪೆಲಾರ್ಗೋನಿಯಂ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನೂ ನಿಜವಾದ ಜೆರೇನಿಯಂ ಅನ್ನೂ ಒಂದೇ ಕುಲದಲ್ಲಿ ಇರಿಸಿದ್ದ. 1789ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿಟಿಯೇ ಅವನ್ನು ಬೇರ್ಪಡಿಸಿದರೂ ಹಳೆಯ ಹೆಸರು ಜನರ ಬಾಯಲ್ಲಿ ಹಾಗೆಯೇ ಉಳಿಯಿತು. ಹೂವನ್ನು ನೇರವಾಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಜೆರೇನಿಯಂನ ಐದೂ ಎಸಳು ಒಂದೇ ಆಕಾರದಲ್ಲಿ ಸುತ್ತ ಹರಡಿಕೊಂಡಿರುತ್ತವೆ, ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳು ಕೆಳಗಿನ ಮೂರರಿಂದ ಬೇರೆಯಾಗಿ ಕಾಣುತ್ತವೆ. ಇಂಗ್ಲೆಂಡಿನಂಥ ದೇಶದಲ್ಲಿ ಎರಡನೆಯದನ್ನು ಹೊರಗೆ ಬಿಟ್ಟರೆ ಗಟ್ಟಿ ಹಿಮ ಬಿದ್ದ ರಾತ್ರಿಯೇ ಕರಗಿಹೋಗುತ್ತದೆ. ಮೊದಲನೆಯದರ ಅನೇಕ ಜಾತಿಗಳು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಿಕೊಳ್ಳುತ್ತವೆ.

ತಾಳಿಕೊಳ್ಳುವುದು ಮೇಲಿನ ಗಿಡವಲ್ಲ, ಮಣ್ಣೊಳಗಿನ ಬುಡ. ಇಂಗ್ಲೆಂಡಿನಲ್ಲಿ ನನ್ನ ಮೊದಲ ಚಳಿಗಾಲದಲ್ಲಿ ಎಲೆಗಳೆಲ್ಲ ಕಂದಿ ನೆಲಕ್ಕಂಟಿದ್ದನ್ನು ಕಂಡು ಗಿಡ ಸತ್ತಿತೆಂದೇ ತಿಳಿದು ಸನಿಕೆಯಿಂದ ಎತ್ತಿದೆ. ಮಣ್ಣು ಉದುರಿಸಿದಾಗ ಕಂದು ಬುಡದ ಸುತ್ತ ಅಕ್ಕಿಕಾಳಿಗಿಂತ ತುಸು ದಪ್ಪನೆಯ, ತಿಳಿಗೆಂಪು ಬಣ್ಣದ ಮೊಗ್ಗುಗಳು ಒತ್ತಾಗಿ ಕೂತಿದ್ದವು. ಕೂಡಲೇ ಮತ್ತೆ ಹೂಳಿದೆ, ಏಪ್ರಿಲ್‌ನಲ್ಲಿ ಅದು ಚಿಗುರಿತು. ಹೀಗಾಗಿ ಗಿಡವಿರುವ ಜಾಗಕ್ಕೆ ಒಂದು ಕಡ್ಡಿ ನೆಟ್ಟು ಗುರುತು ಮಾಡಿಡಬೇಕೆಂದು ಎಲ್ಲರಿಗೂ ಹೇಳುತ್ತೇನೆ.

ಯಾವ ಜಾತಿಯನ್ನು ತರಬೇಕೆಂಬುದನ್ನು ಹೂವಿನ ಬಣ್ಣ ನೋಡಿ ನಿರ್ಧರಿಸುವುದಕ್ಕಿಂತ ನಿಮ್ಮ ತೋಟದ ಜಾಗ ನೋಡಿ ನಿರ್ಧರಿಸುವುದು ಒಳ್ಳೆಯದು. ಮರದಡಿಯ ಒಣ ನೆರಳಿಗೆ ಮ್ಯಾಕ್ರೊರೈಜಂಗಿಂತ ನಂಬಿಕಸ್ಥ ಗಿಡವನ್ನು ನಾನು ಕಂಡಿಲ್ಲ. ಅದರ ಎಲೆಗೆ ಗಾಢವಾದ ಪರಿಮಳವಿದೆ, ದಪ್ಪ ಕಾಂಡಗಳು ನೆಲದ ಮೇಲೇ ಹರಡಿ ಕಳೆಗೆ ಎಡೆಗೊಡುವುದಿಲ್ಲ. ಹೆಚ್ಚುಕಡಿಮೆ ಕಪ್ಪೆನ್ನಬಹುದಾದ ನೇರಳೆ ಹೂವಿನ ಫೇಯಂ ಕೂಡ ನೆರಳಿನದೇ. ಬಿಸಿಲು ಚೆನ್ನಾಗಿ ಬೀಳುವ, ನೀರು ಬೇಗ ಇಂಗುವ ಮಡಿಯ ಅಂಚಿಗೆ ಗಿಡ್ಡನೆಯ ಸಾಂಗ್ವಿನಿಯಂ ಹೊಂದುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೂ ಹೂವು ಬೇಕೆನ್ನುವವರು ನೀಲಿ ಹೂವಿನ ರೋಜಾನ್ ತಳಿಯನ್ನು ತರಬೇಕು. ಇಂಗ್ಲೆಂಡಿನ ಸಾಮರ್‌ಸೆಟ್‌ನ ಒಂದು ಮನೆಯಂಗಳದಲ್ಲಿ ತಾನಾಗಿ ಹುಟ್ಟಿದ ಈ ಮಿಶ್ರತಳಿ, 2013ರಲ್ಲಿ ಲಂಡನ್ನಿನ ಹೂವಿನ ಪ್ರದರ್ಶನ ಚೆಲ್ಸಿ ಫ್ಲವರ್ ಶೋ ಶತಮಾನ ಆಚರಿಸಿದಾಗ ಶತಮಾನದ ಗಿಡವೆಂದು ಆಯ್ಕೆಯಾಯಿತು. ಅದರ ಪೂರ್ವಜರಾದ ಹಿಮಾಲಯೆನ್ಸ್ ಮತ್ತು ವಾಲಿಚಿಯಾನಂ ಎರಡೂ ನಮ್ಮ ಹಿಮಾಲಯದ ಇಳಿಜಾರುಗಳವೆಂಬುದು ನನಗೆ ಬಹಳ ಸಂತೋಷದ ಸಂಗತಿ. ಎರಡನೆಯದರ ಹೆಸರು ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಂಡಿದ್ದ ನಥಾನಿಯಲ್ ವಾಲಿಚ್‌ನದು.

ಇಂಗ್ಲೆಂಡಿನ ಹವೆಯಲ್ಲಿ ನೆಡಲು ಸೆಪ್ಟೆಂಬರ್, ಅಕ್ಟೋಬರ್ ಅಥವಾ ಮಾರ್ಚ್, ಏಪ್ರಿಲ್ ತಿಂಗಳುಗಳು ಅನುಕೂಲ. ಜೇಡಿಮಣ್ಣಾದರೂ ಅಡ್ಡಿಯಿಲ್ಲ, ಚಳಿಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಿದ್ದರೆ ಸಾಕು. ಕುಂಡದಲ್ಲಿದ್ದಷ್ಟೇ ಆಳಕ್ಕೆ ಗಿಡವನ್ನು ಇಳಿಸಿ, ಎರಡು ಗಿಡಗಳ ನಡುವೆ 45ರಿಂದ 60 ಸೆಂಟಿಮೀಟರ್ ಅಂತರ ಬಿಟ್ಟು, ಮಣ್ಣನ್ನು ಅಂಗೈಯಿಂದ ಒತ್ತಿ ನೀರು ಕೊಡಿ. ರೋಜಾನ್ ಹೆಚ್ಚು ಹರಡುವುದರಿಂದ ಅದಕ್ಕೆ ಇನ್ನೂ ಸ್ವಲ್ಪ ಜಾಗ ಬಿಡುವುದು ಲೇಸು. ಮೊದಲ ಬೇಸಿಗೆಯಲ್ಲಿ ಮಳೆ ತಪ್ಪಿದಾಗ ನೀರುಣಿಸಬೇಕು. ವಸಂತದಲ್ಲಿ ಒಂದು ಪದರ ಎಲೆಗೊಬ್ಬರ ಹರಡಿದರೆ ಬೇರೆ ಗೊಬ್ಬರದ ಅಗತ್ಯ ಬೀಳುವುದಿಲ್ಲ. ಸಾರಜನಕ ಹೆಚ್ಚಾದರೆ ಎಲೆಯೇ ಸೊಕ್ಕಿ ಹೂವು ಕಡಿಮೆಯಾಗುತ್ತದೆ.

ಹೊಸಬರು ಹಿಂಜರಿಯುವುದು ಕತ್ತರಿಸುವ ಕೆಲಸಕ್ಕೆ. ಪ್ರಟೆನ್ಸ್, ಸಿಲ್ವ್ಯಾಟಿಕಂ, ಆಕ್ಸೋನಿಯಾನಂ ಮೊದಲಾದ ಜೆರೇನಿಯಂ ಬಗೆಗಳು ಮೊದಲ ಸುತ್ತಿನ ಹೂವು ಮುಗಿಸುವ ಹೊತ್ತಿಗೆ, ಅಂದರೆ ಜೂನ್ ಕೊನೆ ಅಥವಾ ಜುಲೈನಲ್ಲಿ, ಕಾಂಡಗಳು ಎಲ್ಲೆಂದರಲ್ಲಿ ವಾಲಿ ನಡುವೆ ಬೋಳಾಗುತ್ತವೆ. ಆಗ ಹೂವಿನ ಕಾಂಡವನ್ನಷ್ಟೇ ಅಲ್ಲ, ಎಲೆಗಳನ್ನೂ ಸೇರಿಸಿ ನೆಲದಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಪೂರ್ತಿಯಾಗಿ ಕತ್ತರಿಸಿ, ಧಾರಾಳವಾಗಿ ನೀರು ಹೊಯ್ಯಬೇಕು. ಎರಡು ಮೂರು ವಾರಗಳಲ್ಲಿ ಬುಡದಿಂದ ಹೊಸ ಎಲೆಗಳ ಗುಪ್ಪೆ ಏಳುತ್ತದೆ, ಅನೇಕ ಬಾರಿ ಮತ್ತೊಮ್ಮೆ ಹೂವೂ ಬರುತ್ತದೆ. ತಡಮಾಡಿದರೆ ಬೀಜ ಬಲಿಯುತ್ತದೆ: ಹೂವು ಉದುರಿದ ಮೇಲೆ ಕ್ರೌಂಚ ಪಕ್ಷಿಯ ಕೊಕ್ಕಿನಂತೆ ನೀಳವಾಗಿ ಬೆಳೆಯುವ ಕಾಯಿ, ಈ ಕುಲಕ್ಕೆ ಗ್ರೀಕ್ ಮೂಲದ ಹೆಸರನ್ನೇ ತಂದುಕೊಟ್ಟ ಕಾಯಿ, ಒಣಗಿದಾಗ ಬುಡದಿಂದ ಐದು ಪಟ್ಟಿಗಳಾಗಿ ಸಿಡಿದು, ಸುರುಳಿಯಾಗಿ ಬೀಜಗಳನ್ನು ದೂರಕ್ಕೆ ಎಸೆಯುತ್ತದೆ. ಪ್ರಟೆನ್ಸ್‌ನ ಸಸಿಗಳು ಮರುವರ್ಷ ಮಡಿಯ ತುಂಬ ಏಳುವುದು ಹೀಗೆ. ಮ್ಯಾಕ್ರೊರೈಜಂಗೆ ಮಾತ್ರ ಈ ಪೂರ್ತಿ ಕತ್ತರಿ ಬೇಡ, ಬಾಡಿದ ಹೂವಿನ ಕಾಂಡ ತೆಗೆದರೆ ಸಾಕು.

ರೋಗಗಳ ಚಿಂತೆ ಕಡಿಮೆ. ಬರದ ಬೇಸಿಗೆಯಲ್ಲಿ ಎಲೆಗೆ ಬೂದಿರೋಗ ಬಂದರೆ ಅದಕ್ಕೂ ಇದೇ ಕತ್ತರಿಯೇ ಮದ್ದು. ಕುಂಡದ ಗಿಡ ಕಾರಣವಿಲ್ಲದೆ ಸೊರಗಿದರೆ ಬುಡ ತೆಗೆದು ನೋಡಿ. ಬೇರು ತಿನ್ನುವ ವೈನ್ ವೀವಿಲ್ ಹುಳುವಿನ ಬಿಳಿಯ ಮರಿಗಳು ಸಿಕ್ಕಬಹುದು.

ಮೂರರಿಂದ ಐದು ವರ್ಷಕ್ಕೊಮ್ಮೆ ಬುಡ ಬಿಡಿಸಿ ನೆಡಬೇಕು. ಚಿಗುರು ಏಳುವ ಮುನ್ನ, ಮಾರ್ಚ್‌ನಲ್ಲಿ, ಇಡೀ ಗಡ್ಡೆಯನ್ನು ಎತ್ತಿ ಕೈಯಿಂದ ಸೀಳಿ. ರೋಜಾನ್‌ನ ಬುಡ ಕಟ್ಟಿಗೆಯಂತೆ ಗಟ್ಟಿಯಾಗಿರುವುದರಿಂದ ಅದಕ್ಕೆ ಹರಿತವಾದ ಚಾಕು ಬೇಕು, ಬೀಜ ಕಟ್ಟದ ಆ ತಳಿಯನ್ನು ಮನೆಯಲ್ಲಿ ಹೆಚ್ಚಿಸಲು ಬುಡ ಬಿಡಿಸುವುದೇ ದಾರಿ. ಪ್ರತಿ ತುಂಡಿನಲ್ಲೂ ಬೇರಿನ ಜೊತೆ ಕನಿಷ್ಠ ಎರಡು ಮೂರು ಕೆಂಪು ಮೊಗ್ಗುಗಳಿರಲಿ. ನಡುವಿನ ಮುದಿ ಭಾಗವನ್ನು ಬಿಸಾಡಿ, ಅಂಚಿನ ಎಳೆಯ ತುಂಡುಗಳನ್ನು ನೆಡಿ. ಮ್ಯಾಕ್ರೊರೈಜಂ ಆದರೆ ಒಂದು ಗೇಣು ಕಾಂಡವನ್ನು ಮುರಿದು ಎಲೆಗೊಂಚಲಿನ ಕುತ್ತಿಗೆಯವರೆಗೆ ಹೂಳಿದರೂ ಸಾಕು, ಬೇರು ಬಿಡುತ್ತದೆ.